ಲೇಡೀಸ್ ರೂಮಿನ ಬಾಗಿಲಲ್ಲಿ ದಾಟಿಸಿದ ಮಾತು

ಕಾಲೇಜಿನ ಆಯಾ ಅಂದ್ರೆ ಕಸ ಹೊಡೆಯೋದು, ಕೊಡಪಾನಕ್ಕೆ ನೀರು ತುಂಬೋದು, ಗಂಟೆ ಹೊಡೆಯೋದು, ಇಷ್ಟೇ ಅಂತ ಹೇಳಿ ನಿಮ್ಮನ್ನ ಸೇರಿಸ್ಕೊಂಡಿರ್ತಾರೆ. ನನಗೂ ಹಾಗೇ ಹೇಳಿದ್ರು. ಬೈಸಿಕೊಳ್ಳೋದೂ ಅದೇ ಸಂಬಳದೊಳಗೆ ಬರ್ತದೆ ಅಂತ ಯಾರೂ ಹೇಳಲಿಲ್ಲ. ಹೊಸದಾಗಿ ಆಯಾ ಕೆಲಸಕ್ಕೆ ಸೇರಿದ ಹುಡುಗೀರು ಮನೆಗೆ ಬಂದು "ನಿಮ್ಮ ಕಾಲದಲ್ಲಿ ಹೆಂಗಿತ್ತು ಹೂವಮ್ಮ, ಬರೆದು ಕೊಡಿ" ಅಂದಿದಾರೆ. ನನಗೆ ಅಕ್ಷರ ಹತ್ತಿದ್ದೇ ಬೋರ್ಡು ಒರೆಸ್ತಾ ಒರೆಸ್ತಾ. ತಪ್ಪಿದ್ದಲ್ಲಿ ನೀವೇ ಸರಿಮಾಡ್ಕೊಂಡು ಓದಿ. ಯಾವಾಗ ಪರ್ಮನೆಂಟ್ ಆಯ್ತು, ಯಾವಾಗ ಎಷ್ಟು ಹೆಚ್ಚಾಯ್ತು ಅನ್ನೋದೆಲ್ಲ ಬರೆಯಲ್ಲ. ಅದರಿಂದ ನಿಮಗೆ ಏನೂ ಸಿಗೋದಿಲ್ಲ.

ನಾನು ಸೇರಿದ್ದು ಅರವತ್ತರ ದಶಕದಲ್ಲಿ, ಸಾಗರದಲ್ಲಿ. ಗಂಡ ತೀರಿಕೊಂಡಿದ್ದ. ಮನೇಲಿ ಅತ್ತೆ, ಒಬ್ಬಳು ಮಗಳು. ಈ ಕೆಲಸ ಹೋದ್ರೆ ಕವಲೇದುರ್ಗದ ಬುಡದಲ್ಲಿ ಅಣ್ಣನ ಮನೆ ಮೂಲೇಲಿ ಹೋಗಿ ಕೂರಬೇಕು. ಅತ್ತಿಗೆ ಬಾಯಿ ಎಂಥದ್ದು ಅಂತ ನನಗೆ ಗೊತ್ತಿತ್ತು. ಹಾಗಾಗಿ ಪ್ರಿನ್ಸಿಪಾಲರ ರೂಮಿನಿಂದ ಕರೆ ಬಂತು ಅಂದ್ರೆ ಸಾಕು, ಹಿಡಿದ ಪೊರಕೆ ಅಲ್ಲೇ ಬಿಟ್ಟು ಓಡ್ತಿದ್ದೆ. ಆ ಹೆದರಿಕೆ ಕೊನೇವರೆಗೂ ಹೋಗಲಿಲ್ಲ.

ಲೇಡೀಸ್ ರೂಮ್ ಅಂದ್ರೆ ಈಗಿನೋರಿಗೆ ಕನ್ನಡಿ ನೋಡ್ಕೊಳ್ಳೋ ಜಾಗ. ಆಗ ಹಂಗಲ್ಲ. ಹುಡುಗೀರು ಬೆಳಿಗ್ಗೆ ಬಂದವರು ನೇರ ಆ ಕೋಣೆಗೆ ಹೋಗಿ ಕೂರಬೇಕು. ಗಂಟೆ ಆದ ಮೇಲೆ ಮೇಷ್ಟ್ರು ಬಂದು ಬಾಗಿಲ ಹೊರಗೆ ನಿಂತು ಕೆಮ್ಮೋರು. ಹುಡುಗೀರು ಎದ್ದು, ತಲೆ ಬಗ್ಗಿಸಿ, ಸಾಲಾಗಿ ಮೇಷ್ಟ್ರ ಹಿಂದೆ ಕ್ಲಾಸಿಗೆ ಹೋಗೋದು. ಮುಂದಿನ ಬೆಂಚಲ್ಲಿ ಕೂರೋದು. ಪಾಠ ಮುಗಿದ ಕೂಡ್ಲೆ ಮತ್ತೆ ಮೇಷ್ಟ್ರ ಹಿಂದೆ ಬಂದು ಕೋಣೆ ಸೇರೋದು. ನಡುವೆ ಹುಡುಗರ ಜೊತೆ ಒಂದು ಮಾತು ಇಲ್ಲ. ನನ್ನ ಸ್ಟೂಲು ಆ ಕೋಣೆ ಹೊಸ್ತಿಲಲ್ಲಿ. ಬಾಗಿಲಿಗೆ ಹಸಿರು ಪರದೆ.

ಗಣಿತದ ಮೇಷ್ಟ್ರಿಗೆ ಮರೆವು. ಒಂದಿನ ಕೆಮ್ಮದೇ ಸೀದಾ ಕ್ಲಾಸಿಗೆ ಹೋಗಿ ಇಡೀ ಪಾಠ ಮಾಡಿಬಿಟ್ರು. ಇಲ್ಲಿ ಹುಡುಗೀರು ಪುಸ್ತಕ ಎದೆಗೆ ಅವಚಿಕೊಂಡು ಕಾದದ್ದೇ ಕಾದದ್ದು. "ನೀವೇ ಹೋಗ್ರೇ, ಇಪ್ಪತ್ತು ಹೆಜ್ಜೆ ಇದೆ" ಅಂದೆ. ಒಬ್ಬಳೂ ಏಳಲಿಲ್ಲ. ಆಮೇಲೆ ಬೈಸಿಕೊಂಡದ್ದು ನಾನು, ಮೇಷ್ಟ್ರಿಗೆ ಯಾಕೆ ನೆನಪು ಮಾಡಲಿಲ್ಲ ಅಂತ.

ಹೊಳೆಗೆ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ತುಮರಿ ಕಡೆಯವರು ಲಾಂಚಲ್ಲಿ ದಾಟಿ ಸಾಗರಕ್ಕೆ ಬರಬೇಕಾಯ್ತು. ಅಲ್ಲಿಯ ಭಟ್ಟರೊಬ್ಬರು ಮಗಳು ಪದ್ಮನ್ನ ಇಲ್ಲೇ ನೆಂಟರ ಮನೇಲಿ ಬಿಟ್ಟು ಬಿ.ಎ.ಗೆ ಸೇರಿಸೋಕೆ ಬಂದ್ರು. ಪಾಠ ಹೇಗೆ, ಮೇಷ್ಟ್ರು ಯಾರು, ಏನೂ ಕೇಳಲಿಲ್ಲ. ಕೋಣೆ ಬಾಗಿಲ ಹತ್ರ ಬಂದು ಚಿಲಕ ಹಾಕಿ, ತೆಗೆದು, ಹಾಕಿ ನೋಡಿದ್ರು.

"ಇದು ಒಳಗಿಂದ್ಲೇ ಹಾಕೋದಾ, ಹೊರಗಿಂದ್ಲೂ ಇದ್ದಾ?"

"ಒಳಗಿಂದ ಚಿಲಕ, ಹೊರಗಿಂದ ನಾನು" ಅಂದೆ. ಅವರಿಗೆ ಸಮಾಧಾನ ಆಯ್ತು. ಹುಡುಗಿ ಸೇರಿದ್ಲು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಹೆದರುಪುಕ್ಕಲರು. ಕಾಲೇಜು ನಡೆಸೋ ಕಮಿಟಿಯ ಯಜಮಾನರು ಯಾರಾದ್ರೂ ಗೇಟಿನಲ್ಲಿ ಕಂಡ್ರೆ ಕೋಟಿನ ಗುಂಡಿ ಹಾಕ್ಕೊಳ್ಳೋರು, ಬಿಸಿಲಿರಲಿ ಏನಿರಲಿ. ಕಮಿಟೀಲಿ ಎಲ್ಲರಿಗಿಂತ ಜೋರು ನಿಟ್ಟೂರು ಕಡೆಯ ದೇವಪ್ಪ ಗೌಡರು. ದೊಡ್ಡ ಜಮೀನು, ಕೈತುಂಬ ಒಕ್ಕಲು. ಒಕ್ಕಲು ಅಂದ್ರೆ ಗೌಡರ ಗದ್ದೆ ಉತ್ತು, ಬೆಳೆದ ಭತ್ತದಲ್ಲಿ ಗೇಣಿ ಅಂತ ಅವರಿಗೆ ಅಳೆದು ಕೊಡೋರು. ನಮ್ಮಪ್ಪನೂ ಬೇರೆಯವರ ಗದ್ದೇಲಿ ಅಂಥದ್ದೇ ಒಕ್ಕಲು. ಗೌಡರ ತಂಗಿ ಮಗಳು ವನಮಾಲ. ತಂದೆ ಇಲ್ಲದ ಹುಡುಗಿ, ಮಾವನೇ ಸಾಗರದಲ್ಲಿ ಇಟ್ಟು ಓದಿಸ್ತಿದ್ರು. ಪದ್ಮನ ಕ್ಲಾಸೇ. ಆ ಕ್ಲಾಸಲ್ಲಿ ಹುಡುಗೀರು ಅಂತ ಇದ್ದದ್ದು ಅವರಿಬ್ಬರೇ.

ಪಾಠ ಮಾಡೋ ಕ್ರಮ ಆಗ ಹೇಗಿತ್ತು ಅಂದ್ರೆ, ಮೇಷ್ಟ್ರು ನೋಟ್ಸ್ ಓದೋರು, ಮಕ್ಕಳು ಬರ್ಕೊಳ್ಳೋರು, ಪರೀಕ್ಷೇಲಿ ಅದನ್ನೇ ವಾಪಸ್ ಬರೆಯೋರು. ಒಬ್ಬರ ಬಾಯಿಂದ ಇನ್ನೊಬ್ಬರ ಕೈಗೆ. ತಲೆ ಅನ್ನೋದು ನಡುವೆ ಬರ್ತಾನೇ ಇರಲಿಲ್ಲ. ಆಗ ಬಂದ್ರು ನೋಡಿ ಎಕನಾಮಿಕ್ಸಿಗೆ ಒಬ್ಬ ಹೊಸ ಮೇಷ್ಟ್ರು. ಸಣ್ಣ ವಯಸ್ಸು, ಟೆಂಪರವರಿ. ಮೊದಲ ದಿನವೇ ನೋಟ್ಸ್ ಕೊಡಲ್ಲ ಅಂದ್ರಂತೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿದ್ರು. ನಾಲ್ವರೂ ಸೇರಿ ಒಂದೇ ಉತ್ತರ ಬರೀಬೇಕು. ಬರೆಯೋಕೆ ಮುಂಚೆ ಚೆನ್ನಾಗಿ ಜಗಳ ಆಡ್ಬೇಕು. ಅದಕ್ಕೊಂದು ಕಟ್ಟುಪಾಡು: ನಿಮ್ಮ ಮನೆಯ ಮಾತಿಗೆ ಎದುರಾದ ಪಕ್ಷವನ್ನೇ ನೀವು ಹಿಡೀಬೇಕು. ಪರಿಚಯದ ಪಕ್ಷ ಹಿಡಿದ್ರೆ ಯೋಚನೆ ಮಾಡೋದಿಲ್ಲ, ಒದರ್ತೀರಿ ಅಷ್ಟೇ ಅಂತ ಅವರ ಮಾತು.

ಒಂದು ಗುಂಪಿಗೆ ಗೇಣಿ ವಿಷಯ ಕೊಟ್ರು. ಗೇಣಿ ಪದ್ಧತಿ ಇರಬೇಕೋ ಹೋಗಬೇಕೋ. ಆ ಗುಂಪಲ್ಲಿ ವನಮಾಲ, ಪದ್ಮ, ಮತ್ತೆ ಇಬ್ಬರು ಹುಡುಗರು. ಒಬ್ಬ ಮಂಜಪ್ಪ, ತೀರ್ಥಹಳ್ಳಿ ಕಡೆಯ ಒಕ್ಕಲು ಮಗ. ಇನ್ನೊಬ್ಬ ಶೀನ, ಪೇಟೇಲಿ ಜವಳಿ ಅಂಗಡಿಯವರ ಮಗ, ತಮಾಷೆ ಹುಡುಗ. ವನಮಾಲ ಒಡೆಯರ ಮನೆಯವಳು, ಹಾಗಾಗಿ ಒಕ್ಕಲು ಪರ. ಮಂಜಪ್ಪ ಒಡೆಯರ ಪರ. ಉಳಿದ ಇಬ್ಬರು ಅವರ ವಾದದಲ್ಲಿ ತೂತು ಹುಡುಕೋದು.

ಪ್ರಿನ್ಸಿಪಾಲರಿಗೆ ಬೆವರು ಬಂತು. ಹುಡುಗ ಹುಡುಗಿ ಕೂತು ಮಾತಾಡೋದಾ! ಮೇಷ್ಟ್ರು ಬಿಡಲಿಲ್ಲ. ಕೊನೆಗೆ ಪ್ರಿನ್ಸಿಪಾಲರು ಒಂದು ದಾರಿ ಮಾಡಿದ್ರು. ಹುಡುಗೀರು ಪರದೆ ಒಳಗೆ, ಹುಡುಗರು ಜಗಲಿ ಬೆಂಚಲ್ಲಿ. ಹುಡುಗೀರು ಮೆಲ್ಲಗೆ ನನಗೆ ಹೇಳೋದು, ನಾನು ಅದನ್ನ ಜಗಲಿಗೆ ದಾಟಿಸೋದು. ಹುಡುಗರು ಆಡಿದ್ದು ಒಳಗೆ ಹೇಗೂ ಕೇಳಿಸ್ತದೆ.

ಶುರುವಲ್ಲಿ ನಾನು ದಾಟಿಸಿದ್ದು ನಿಮಗೆ ಹೇಳಿದ್ರೆ ನಗ್ತೀರಿ. ಪದ್ಮ ಒಳಗಿಂದ ಇಂಗ್ಲಿಷಲ್ಲಿ ಏನೋ ಉದ್ದಕ್ಕೆ ಅಂದ್ಲು. ನಾನು ಹೊರಗೆ ತಿರುಗಿ, "ಭಟ್ಟರ ಮಗಳಿಗೆ ನೀನು ಹೇಳಿದ್ದು ಸರಿ ಕಾಣ್ಲಿಲ್ಲ" ಅಂದೆ.

"ಅಷ್ಟೇನಾ ಹೂವಕ್ಕ? ಅವಳು ಅರ್ಧ ಗಂಟೆ ಮಾತಾಡಿದ್ಲಲ್ಲ!" ಅಂದ ಶೀನ.

"ಸಾರ ಅಷ್ಟೇ."

ಒಳಗೆ ಪದ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ, ಎಂತಕ್ಕೆ ಸರಿ ಇಲ್ಲೆ ಅನ್ನೋದೇ ಮುಖ್ಯ ಹೂವಕ್ಕ!"

ಆಮೇಲೆ ಕನ್ನಡದಲ್ಲೇ ಹೇಳೋಕೆ ಶುರು ಮಾಡಿದ್ರು. ಇಂಗ್ಲಿಷಲ್ಲಿ ಬಾಯಿಪಾಠ ಹೇಳ್ತಿದ್ದೋರಿಗೆ ಕನ್ನಡದಲ್ಲಿ ನನಗೆ ಅರ್ಥ ಆಗೋ ಹಾಗೆ ಹೇಳಬೇಕಾದ್ರೆ ಕಷ್ಟ ಆಯ್ತು. ನಿಲ್ಲಿಸಿ ನಿಲ್ಲಿಸಿ ಹುಡುಕೋರು. ನನಗೂ ಆಮೇಲೆ ರೂಢಿ ಆಯ್ತು. ಹೇಳಿದ್ದನ್ನ ಹೇಳಿದ ಹಾಗೇ, ಅದೇ ಬಿರುಸಲ್ಲಿ ಹೇಳ್ತಿದ್ದೆ. ಅದೇ ಕುತ್ತಿಗೆಗೆ ಬಂತು.

ಒಂದಿನ ವನಮಾಲ ಒಳಗೆ ಪಿಸುಗುಟ್ಟಿದ್ಲು, ನಾನು ಜಗಲಿಗೆ ಕೇಳೋ ಹಾಗೆ ಹೇಳಿದೆ: "ಕೆಸರಲ್ಲಿ ನಿಂತು ನಾಟಿ ಮಾಡಿದವನ ಮನೇಲಿ ಆಷಾಢಕ್ಕೆ ಅಕ್ಕಿ ಇಲ್ಲ. ಜಗಲೀಲಿ ಕೂತು ಅಡಿಕೆ ಜಗಿದವನ ಕಣಜ ತುಂಬ್ತದೆ. ಇದಕ್ಕೆ ನ್ಯಾಯ ಅಂತ ಹೆಸರಿಟ್ಟದ್ದು ಯಾರು?"

ಮಂಜಪ್ಪ ಎದ್ದು ನಿಂತ. "ಹಂಗಲ್ಲ! ಭೂಮಿ ಕೊಟ್ಟೋನು ಯಾರು? ಬೀಜಕ್ಕೆ, ಎತ್ತಿಗೆ, ಮದುವೆ ಮುಂಜಿಗೆ ಒಕ್ಕಲು ಹೋಗಿ ನಿಲ್ಲೋದು ಯಾರ ಬಾಗಿಲಲ್ಲಿ?"

ಪಕ್ಕದ ಪ್ರಿನ್ಸಿಪಾಲರ ರೂಮಿನ ಕಿಟಕಿ ಹತ್ರ ದೇವಪ್ಪ ಗೌಡರು ಕೂತಿದ್ರು. ಏನೋ ಕೆಲಸಕ್ಕೆ ಬಂದೋರು. ಅವರಿಗೆ ವನಮಾಲನ ಪಿಸುಮಾತು ಕೇಳಿಸಲಿಲ್ಲ. ನನ್ನ ಗಂಟಲು ಕೇಳಿಸ್ತು.

ಅವತ್ತು ಸಂಜೆ ಕರೆ ಬಂತು. ಪ್ರಿನ್ಸಿಪಾಲರು ಕೋಟಿನ ಗುಂಡಿ ಹಾಕ್ಕೊಂಡೇ ಕೂತಿದ್ರು.

"ಹೂವಮ್ಮ, ನೀನು ಹುಡುಗರನ್ನ ಒಡೆಯರ ಮೇಲೆ ಎತ್ತಿಕಟ್ತೀಯಂತೆ. ಪಾಪ ಆ ಹುಡುಗ ನಿನಗೆ ತಿಳಿಸಿ ಹೇಳಿದ್ರೂ ಕೇಳಲಿಲ್ಲವಂತೆ. ಗೌಡರು ಸ್ವಂತ ಕಿವೀಲಿ ಕೇಳಿದಾರೆ. ನಿಮ್ಮಪ್ಪ ಗೇಣಿ ಒಕ್ಕಲಂತೆ, ಅದನ್ನೂ ವಿಚಾರಿಸಿದಾರೆ."

"ನನ್ನ ಮಾತಲ್ಲ ಸಾರ್ ಅದು. ನೀವೇ ತಾನೇ ದಾಟಿಸು ಅಂದದ್ದು?"

"ಅದು ನನಗೆ ಗೊತ್ತಿಲ್ವಾ?" ಅಂತ ಬಾಗಿಲ ಕಡೆ ನೋಡಿ ದನಿ ಇಳಿಸಿದ್ರು. "ಹುಡುಗೀರ ಮಾತು ಅಂದ್ರೆ ಯಾವ ಹುಡುಗಿ ಅಂತ ಕೇಳ್ತಾರೆ. ಇರೋದು ಇಬ್ರು. ಅವರ ಸೋದರಸೊಸೆ ಬಾಯಲ್ಲಿ ಆ ಮಾತು ಬಂತು ಅಂತ ನಾನು ಹೇಳ್ಲಾ? ಅವತ್ತೇ ಅವಳನ್ನ ಊರಿಗೆ ಬಸ್ಸು ಹತ್ತಿಸ್ತಾರೆ. ಮೇಷ್ಟ್ರನ್ನೂ ಕಳಿಸ್ತಾರೆ, ನನ್ನನ್ನೂ ಕಳಿಸ್ತಾರೆ. ಶನಿವಾರ ಗೌಡರು ಬರ್ತಾರೆ. ನೀನೇ ಅಂದೆ ಅಂತ ಒಪ್ಕೊಂಡು ಕಾಲಿಗೆ ಬೀಳು. ಕರುಣೆ ಇದ್ರೆ ಬಿಡ್ತಾರೆ."

"ಇಲ್ದಿದ್ರೆ?"

ಅವರು ಕನ್ನಡಕ ಒರೆಸಿದ್ರು.

ಅಣ್ಣನ ಮನೆ ಮೂಲೆ ಕಣ್ಣಿಗೆ ಬಂತು. ಬಾಯಿ ಬಿಟ್ರೆ ವನಮಾಲನ ಓದು ಮುಗೀತು. ಬಿಡದಿದ್ರೆ ನನ್ನ ಅನ್ನ ಮುಗೀತು. ನಾನು ತ್ಯಾಗ ಮಾಡೋ ಪೈಕಿ ಅಲ್ಲ. ಹಂಗಂತ ಒಂದು ಹುಡುಗೀನ ಬಸ್ಸು ಹತ್ತಿಸಿ ಬಂದು ಅದೇ ಸ್ಟೂಲ್ ಮೇಲೆ ಕೂರೋಕೂ ಮನಸ್ಸಿಲ್ಲ. ಮಾರನೇ ದಿನ ನಾಲ್ವರನ್ನೂ ಸೇರಿಸಿ ಹೇಳಿದೆ. "ಮಾತು ನಿಮ್ಮದು, ಕುತ್ತಿಗೆ ನನ್ನದು. ಓದಿದೋರು ನೀವು, ಯೋಚನೆ ಮಾಡಿ."

ವನಮಾಲ ಕೂಡ್ಲೆ, "ನಾನೇ ಹೋಗಿ ಮಾವಂಗೆ ಹೇಳ್ತೀನಿ" ಅಂದ್ಲು. ಪದ್ಮ ಅವಳ ಸೆರಗು ಹಿಡಿದು, "ಬೇಡ, ಸುಮ್ಮನಿರು" ಅಂದ್ಲು. ಜಗಲಿಯಿಂದ ಮಂಜಪ್ಪ, "ಮೇಷ್ಟ್ರ ಕ್ರಮ ಇದೆಯಲ್ಲ. ಎದುರು ಪಕ್ಷ ಹಿಡಿದು ಮಾತಾಡಿ" ಅಂದ.

ನನಗೆ ಪಿತ್ತ ನೆತ್ತಿಗೇರಿತು. "ಥೋ ಮಾರಾಯ, ನನ್ನ ಅನ್ನದ ಮಾತು ಇದು. ನಿಮಗೆ ಆಟ!"

ಆದ್ರೂ ಆಡಿದ್ರು. ಹೇಳ್ತೀನಿ ಅಂದ ವನಮಾಲ ಈಗ ಹೇಳಬಾರದು ಯಾಕೆ ಅಂತ ವಾದ ಮಾಡಬೇಕು. ಅವಳು ಪರದೆ ಅಂಚು ಮಡಚಿದ್ಲು, ಬಿಡಿಸಿದ್ಲು. ಆಮೇಲೆ, "ನಾನು ಹೇಳಿದ್ರೆ ಮಾವ ಕರ್ಕೊಂಡ್ ಹೋಗ್ತಾರೆ. ಈ ವರ್ಷವೇ ಮದುವೆ ಮಾಡ್ತಾರೆ. ಹುಡುಗನ್ನ ನೋಡಿ ಆಗಿದೆ" ಅಂದ್ಲು. ಈ ಸುದ್ದಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಹೆದರಿದ್ದ ಪದ್ಮ ಹೇಳಲೇಬೇಕು ಅಂತ ವಾದ ಮಾಡಬೇಕು. ಅವಳು ಅಳ್ತಾ ಅಳ್ತಾ, "ಹೂವಕ್ಕ ಹೋದ್ರೆ ನಾಳೆ ಬರೋ ಆಯಾ ಬಾಯಿ ಮುಚ್ಕೊಂಡು ಕೂರ್ತಾಳೆ. ನಾವು ಒಳಗೇ ಉಳೀತೀವಿ" ಅಂದ್ಲು.

"ಗೌಡರಿಗೆ ಸಿಟ್ಟು ಬಂದಿರೋದು ಮಾತಿನ ಮೇಲಾ, ಆಡಿದವರ ಮೇಲಾ?" ಅಂತ ಕೇಳಿದ ಮಂಜಪ್ಪ.

"ಅದನ್ನ ಗೌಡರನ್ನೇ ಕೇಳು, ನಿನ್ನ ಸಂಸ್ಕಾರಕ್ಕೆ ನಾನು ಅಂಗಡಿಯಿಂದ ಬಿಳಿ ಬಟ್ಟೆ ತರ್ತೀನಿ" ಅಂದ ಶೀನ.

ಶುಕ್ರವಾರವೂ ಕೂತ್ರು. ಒಂದು ತೀರ್ಮಾನಕ್ಕೆ ಬಂದ್ರು, ಅದೂ ಅರೆಬರೆ. ಮಂಜಪ್ಪ ಹೋಗಿ ಮೇಷ್ಟ್ರ ಕ್ರಮ ಹೀಗೆ, ಇದು ಯಾರ ಸ್ವಂತ ಅಭಿಪ್ರಾಯವೂ ಅಲ್ಲ ಅಂತ ವಿವರಿಸೋದು. ವನಮಾಲನ ಹೆಸರು ಎತ್ತೋದು ಬೇಡ. "ಇದರಲ್ಲಿ ತೂತು ಇದೆಯಾ?" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡ್ರು. ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಅವತ್ತು ರಾತ್ರಿ ಊಟದಿಂದ ಅರ್ಧಕ್ಕೇ ಎದ್ದೆ. ಅತ್ತೆ, "ಎಂತ ಆಯ್ತೇ ನಿಂಗೆ?" ಅಂದ್ರು. ಹಲ್ಲು ನೋವು ಅಂದೆ.

ಶನಿವಾರ ಗೌಡರು ಬಂದ್ರು. ಪ್ರಿನ್ಸಿಪಾಲರ ಎದುರು ಕುರ್ಚೀಲಿ ಕೂತು ಕೊಡೆ ಮೊಣಕಾಲ ಮೇಲೆ ಇಟ್ಕೊಂಡ್ರು. ಹೊಸ ಮೇಷ್ಟ್ರು ಒಂದು ಮೂಲೇಲಿ ನಿಂತಿದ್ರು, ಬಾಯಿ ತೆಗೆದ್ರೆ ಪ್ರಿನ್ಸಿಪಾಲರು ಕಣ್ಣು ಬಿಡೋರು. ನಾನು ಬಾಗಿಲ ಹತ್ರ.

"ಆ ಮಾತು ನಿನ್ನ ಬಾಯಿಂದ ಬಂದದ್ದು ಹೌದೋ ಅಲ್ವೋ?" ಅಂದ್ರು ಗೌಡರು.

"ಬಾಯಿಂದ ಬಂದದ್ದು ಹೌದು ಗೌಡ್ರೆ. ತಲೇಲಿ ಹುಟ್ಟಿದ್ದಲ್ಲ."

"ಮತ್ತೆ ಯಾರ ತಲೇಲಿ ಹುಟ್ಟಿತು?"

ಆಗ ಮಂಜಪ್ಪ ಕೈ ಮುಗಿದು ಒಳಗೆ ಬಂದ. ಅವನನ್ನ ಕಂಡು ಗೌಡರ ಮುಖ ಅರಳಿತು.

"ಇವನೇ ಅಲ್ವಾ ಅವತ್ತು ಇವಳಿಗೆ ಬುದ್ಧಿ ಹೇಳಿದೋನು? ಒಳ್ಳೆ ಮನೆತನದ ಹುಡುಗ. ಯಾರ ಮಗನಪ್ಪ ನೀನು?"

"ತೀರ್ಥಹಳ್ಳಿ ಕಡೆ ಗೌಡ್ರೆ. ಅಪ್ಪ ಗೇಣಿ ಒಕ್ಕಲು."

ಗೌಡರು ಅವನನ್ನ ಮೇಲಿಂದ ಕೆಳಗೆ ನೋಡಿದ್ರು. "ಒಕ್ಕಲು ಮಗ ನೀನು. ಮತ್ತೆ ನಮ್ಮ ಪರ ಯಾಕೆ ಮಾತಾಡಿದೆ?"

"ಅದೇ ಕ್ರಮ ಗೌಡ್ರೆ. ನಮ್ಮ ಮನೆ ಮಾತಿಗೆ ಎದುರು ಪಕ್ಷ ಹಿಡೀಬೇಕು ಅಂತ ಮೇಷ್ಟ್ರು ಹೇಳಿದಾರೆ. ಒಳಗಿನವರು ಆಡಿದ್ದನ್ನ ಹೂವಕ್ಕ ದಾಟಿಸಿದ್ದು ಅಷ್ಟೇ. ಅದು ಯಾರ ಸ್ವಂತ ಮಾತೂ ಅಲ್ಲ."

ಹುಡುಗ ಚೆನ್ನಾಗಿ ಹೇಳಿದ. ಪ್ರಿನ್ಸಿಪಾಲರು ಉಸಿರು ಬಿಟ್ರು. ನಾನೂ ಬಿಟ್ಟೆ.

ಗೌಡರು ಕೊಡೆ ತುದಿ ನೆಲಕ್ಕೆ ಊರಿದ್ರು. "ಹಂಗೋ. ಒಕ್ಕಲು ಮಗ ಒಡೆಯರ ಪರ ಮಾತಾಡಿದ. ಹಂಗಾದ್ರೆ ಒಕ್ಕಲು ಪರ ಮಾತಾಡಿದೋರು ಒಡೆಯರ ಮನೆಯೋರು. ಪರದೆ ಒಳಗೆ ಇರೋದು ಇಬ್ರು. ತುಮರಿ ಭಟ್ಟರಿಗೆ ಒಕ್ಕಲು ಇಲ್ಲ, ಇದ್ದ ಗದ್ದೆಯೂ ನೀರಲ್ಲಿ ಹೋಗಿದೆ."

ಮಂಜಪ್ಪನ ಮುಖ ಬಿಳುಚಿತು. ನಾಲ್ಕು ಜನ ಎರಡು ದಿನ ಕೂತು ಹುಡುಕಿದ್ರೂ ಸಿಗದ ತೂತು ಗೌಡರಿಗೆ ಕೂತಲ್ಲೇ ಸಿಕ್ಕಿತು. ಮೇಷ್ಟ್ರು ಮೂಲೇಲಿ ತಲೆ ತಗ್ಗಿಸಿದ್ರು. ನನಗೆ ಆ ಹೊತ್ತಿಗೆ ನನ್ನ ಕೆಲಸದ ಚಿಂತೆ ಹೋಗಿ, ನಿಟ್ಟೂರಿನ ಬಸ್ಸು ಎಷ್ಟು ಹೊತ್ತಿಗೆ ಅನ್ನೋದೇ ತಲೇಲಿ ಓಡ್ತಿತ್ತು.

ಪರದೆ ಸರಿದ ಸದ್ದಾಯ್ತು. ಮೇಷ್ಟ್ರು ಯಾರೂ ಹೋಗಿ ಕೆಮ್ಮಿರಲಿಲ್ಲ. ವನಮಾಲ ಒಬ್ಬಳೇ ಜಗಲಿ ದಾಟಿ ಬಂದು ನನ್ನ ಪಕ್ಕ ನಿಂತ್ಲು. ಈ ಸಲ ಪಿಸುಮಾತಲ್ಲ.

"ನಾನೇ ಮಾವ. ಹೂವಕ್ಕನದು ಏನೂ ತಪ್ಪಿಲ್ಲ."

ಗೌಡರು ಅವಳ ಕಡೆ ತಿರುಗಲಿಲ್ಲ. ಗೋಡೆ ಕಡೆ ನೋಡ್ತಾ ನನಗೆ ಹೇಳಿದ್ರು, "ಹೂವಮ್ಮ, ಕೇಳು ಅವಳನ್ನ. ಅದು ಮೇಷ್ಟ್ರು ಕೊಟ್ಟ ಪಕ್ಷವೋ, ಅವಳದೇ ಮಾತೋ?"

ನಾನು ತಿರುಗಿ ಕೇಳಿದೆ. ಒಂದು ಮಾರು ದೂರದಲ್ಲಿ ನಿಂತಿದ್ದಾಳೆ, ಆದ್ರೂ ಕೇಳಿದೆ. ಹೇಳೋ ಸುಳ್ಳು ಕೈಗೆ ಸಿಗೋ ಹಾಗೇ ಇತ್ತು. ಮೇಷ್ಟ್ರು ಕೊಟ್ಟದ್ದು ಅಂದಿದ್ರೆ ಮುಗೀತಿತ್ತು.

"ಮೊದಲು ಮೇಷ್ಟ್ರು ಕೊಟ್ಟದ್ದು" ಅಂದ್ಲು. "ಈಗ ಅರ್ಧ ನನ್ನದು. ಇನ್ನರ್ಧ ಇನ್ನೂ ತೀರ್ಮಾನ ಆಗಿಲ್ಲ ಅಂತ ಹೇಳಿ."

ನಾನು ಹೇಳಿದೆ. ಪ್ರಿನ್ಸಿಪಾಲರು ಕಣ್ಣು ಮುಚ್ಕೊಂಡ್ರು.

"ಹೇಳು ಅವಳಿಗೆ. ಈ ಮಾತು ನಮ್ಮನೆ ಜಗಲೀಲಿ ಆಡಿದ್ರೆ ಅವತ್ತಿಗೆ ಓದು ಮುಗೀತು."

"ಕಾಲೇಜ್ ಜಗಲೀಲಿ ಆಡಿದ್ರೆ ಅಂತ ಕೇಳಿ ಹೂವಕ್ಕ."

ಈ ಮಾತು ದಾಟಿಸೋಕೆ ನನಗೆ ನಾಲಿಗೆ ಬರಲಿಲ್ಲ. ನನ್ನ ಸರ್ವಿಸಲ್ಲಿ ಯಾವ ಮಾತಿಗೂ ಹಾಗೆ ಹೆದರಿಲ್ಲ. "ಕೇಳಿಸ್ತು ನನಗೆ" ಅಂದ್ರು ಗೌಡರು. ಎದ್ರು. ಬಾಗಿಲ ತನಕ ಹೋಗಿ ಮಂಜಪ್ಪನ ಎದುರು ನಿಂತ್ರು.

"ನೀನು ನನ್ನ ಪರ ಸರಿಯಾಗಿ ಮಾತಾಡಲಿಲ್ಲ. ಬೆಳೆ ಬರಲಿ ಬಿಡಲಿ, ಸರ್ಕಾರಕ್ಕೆ ಕಂದಾಯ ಕಟ್ಟೋನು ನಾನು. ಅದನ್ನ ಎತ್ತಲೇ ಇಲ್ವಲ್ಲೋ? ಮುಂದಿನ ಸಲ ಎತ್ತು."

ಹೋದ್ರು. ಅದು ಹೂಂ ಅಂತಲೋ ಉಹೂಂ ಅಂತಲೋ ನಮಗೆ ಯಾರಿಗೂ ತಿಳೀಲಿಲ್ಲ. ನನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸ ಮೇಷ್ಟ್ರನ್ನ ಮಾತ್ರ ಮಾರನೇ ವರ್ಷ ಮುಂದುವರಿಸಲಿಲ್ಲ, ನೋಟ್ಸ್ ಓದೋರು ಮತ್ತೆ ಬಂದ್ರು. ಅದು ಆಮೇಲಿನ ಮಾತು. ಅವತ್ತು ನನಗಿದ್ದದ್ದು ಒಂದೇ ಚಿಂತೆ. ನೀರು ತರ್ತೀನಿ ಅಂತ ಕೊಡಪಾನ ಹಿಡ್ಕೊಂಡು ಗೇಟಿನ ಹೊರಗೆ ಬಂದು ನಿಂತೆ. ಅಲ್ಲಿಂದ ಬಸ್ ಸ್ಟ್ಯಾಂಡ್ ಕಾಣ್ತದೆ. ಗೌಡರು ತಿರುಗಿ ಬಂದು ಹುಡುಗೀನ ಕರೀತಾರೋ, ಯಾರನ್ನಾದ್ರೂ ಕಳಿಸ್ತಾರೋ ಅಂತ ಕಣ್ಣು ಮಿಟುಕಿಸದೆ ನೋಡಿದೆ. ಕಂಡಕ್ಟರ್ ಸೀಟಿ ಊದಿದ. ಗೌಡರು ಕೊಡೆ ಮಡಚಿ ಒಬ್ಬರೇ ಹತ್ತಿದ್ರು. ಬಸ್ಸು ಹೊಸನಗರದ ರಸ್ತೆಗೆ ತಿರುಗಿ ಮರೆಯಾಗೋ ತನಕ ನಿಂತು, ನೀರು ತುಂಬಿಕೊಳ್ಳದೇ ವಾಪಸ್ ಬಂದು, ಮೇಷ್ಟ್ರು ಕೂಗೋಕೆ ಮುಂಚೆ ಗಂಟೆ ಹೊಡೆದೆ.